ವಾಲಿಯ ಬೂದಿ, ಗೂಳಿಯ ಗೊರಸು

ಹಂಪಿಯ ವಿಠ್ಠಲ ದೇವಸ್ಥಾನ ದಾಟಿ ಪೂರ್ವಕ್ಕೆ, ತಳವಾರಘಟ್ಟದ ಆಚೆ ನಿಂಬಾಪುರದ ಹತ್ತಿರ ಒಂದು ಬೂದಿಯ ದಿಬ್ಬವಿದೆ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ದಹಿಸಿದ್ದು ಇಲ್ಲೇ, ಈ ಬೂದಿ ಅವನ ಮೈಯದೇ ಎಂದು ಈ ಭಾಗದವರು ತಲೆತಲಾಂತರದಿಂದ ನಂಬಿದ್ದಾರೆ. ಹೊಳೆಯ ಆಚೆ ಆನೆಗೊಂದಿ, ಈಚೆ ಮತಂಗ ಪರ್ವತ. ನಡುವೆ ಕಿಷ್ಕಿಂಧೆಯ ಕಥೆಯಿಲ್ಲದ ಬಂಡೆಯೇ ಇಲ್ಲ. ಅದೇ ಕಥೆಯಲ್ಲಿ ದುಂದುಭಿ ಎಂಬ ರಾಕ್ಷಸನೂ ಬರುತ್ತಾನೆ. ಕೋಣನ ರೂಪದಲ್ಲಿ ಬಂದು ಕಾದಾಡಿದ ಅವನನ್ನು ವಾಲಿ ಕೊಂದು, ಹೆಣವನ್ನು ಮತಂಗ ಮುನಿಯ ಆಶ್ರಮದತ್ತ ಎಸೆದ. ಮುಂದೆ ರಾಮ ತನ್ನ ಬಲವನ್ನು ಸುಗ್ರೀವನಿಗೆ ತೋರಿಸಲು ಕಾಲ್ಬೆರಳಿನಿಂದ ಚಿಮ್ಮಿದ್ದು ಆ ಕೋಣನ ಎಲುಬಿನ ರಾಶಿಯನ್ನೇ. ನಮ್ಮ ನಾಡಿನ ಅತ್ಯಂತ ಹಳೆಯ ಎಲುಬಿನ ಕಥೆ ಇದೇ ಇರಬೇಕು: ಯಾವುದೋ ಕಾಲದಲ್ಲಿ ಸತ್ತ ದೈತ್ಯ ಪ್ರಾಣಿಯೊಂದರ ಅಸ್ಥಿ ಬೆಟ್ಟದ ಬುಡದಲ್ಲಿ ಬಿದ್ದಿದೆ, ಬಂದವರು ಅದನ್ನು ನೋಡಿ ಬೆರಗಾಗುತ್ತಾರೆ.

ಇಂಥ ಬೂದಿಯ ದಿಬ್ಬ ನಿಂಬಾಪುರದಲ್ಲಿ ಮಾತ್ರ ಇಲ್ಲ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ತೋರಣಗಲ್ಲು ದಾಟಿದ ಮೇಲೆ ಕುಡತಿನಿಯ ಸಮೀಪ ಒಂದು, ಬಳ್ಳಾರಿಯ ಪಕ್ಕದ ಕಪ್ಪಗಲ್ಲಿನಲ್ಲಿ ಇನ್ನೊಂದು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಗೂ ತೆಲಂಗಾಣ, ಆಂಧ್ರದ ಗಡಿ ಜಿಲ್ಲೆಗಳಿಗೂ ಹಬ್ಬಿಕೊಂಡು ನೂರಕ್ಕೂ ಹೆಚ್ಚು ದಿಬ್ಬಗಳು ಲೆಕ್ಕಕ್ಕೆ ಸಿಕ್ಕಿವೆ. ಒಲೆಯ ಬೂದಿಯ ಹಾಗೆ ಇದು ಬರೀ ಪುಡಿಯಲ್ಲ. ಕೆಲವು ಪದರ ಮೆತ್ತಗೆ, ಬೆಳ್ಳಗೆ ಉದುರುತ್ತದೆ. ಕೆಲವು ಪದರ ಕರಗಿ ಹೆಪ್ಪುಗಟ್ಟಿ, ತೂತುತೂತಾಗಿ, ಗಾಜಿನಂತೆ ಮಿರುಗುವ ಕಿಟ್ಟವಾಗಿದೆ. ಇದನ್ನು ಕಂಡವರಿಗೆ ಇಲ್ಲಿ ಸುಟ್ಟದ್ದು ಸಣ್ಣ ಬೆಂಕಿಯಲ್ಲ ಎನ್ನುವುದು ಥಟ್ಟನೆ ಹೊಳೆಯುತ್ತದೆ. ಅಷ್ಟು ದೊಡ್ಡ ಬೆಂಕಿಯಲ್ಲಿ ಸುಟ್ಟದ್ದು ಏನು? ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲು ನೂರಿಪ್ಪತ್ತು ವರ್ಷ ಬೇಕಾಯಿತು. ಉತ್ತರದಲ್ಲಿ ಎದ್ದು ಬಂದ ಪ್ರಾಣಿ ದಿನವೂ ನಮ್ಮ ಕಣ್ಣೆದುರು ಓಡಾಡುವಂಥದು, ಅದರ ಪೂರ್ವಜ ಮಾತ್ರ ನಮಗೆ ಅಷ್ಟೇನೂ ಪರಿಚಯವಿಲ್ಲದ್ದು.

ಮೊದಲು ಈ ನೆಲದ ಕಲ್ಲಿನ ಮಾತು ಆಗಬೇಕು. ಹಂಪಿಯಲ್ಲಿ ಇಷ್ಟೊಂದು ಬಂಡೆಗಳಿವೆಯಲ್ಲ, ಇವುಗಳ ಒಳಗೆ ಡೈನೋಸಾರ್ ಎಲುಬು ಸಿಗುವುದಿಲ್ಲವೇ ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಸಿಗುವುದಿಲ್ಲ. ಹಂಪಿಯ ಗ್ರಾನೈಟು ಭೂಮಿಯ ಆಳದಲ್ಲಿ ಕುದಿಯುವ ರಸವಾಗಿದ್ದು ತಣಿದು ಗಟ್ಟಿಯಾದದ್ದು, ಸುಮಾರು 250 ಕೋಟಿ ವರ್ಷಗಳ ಹಿಂದೆ. ಕರಗಿದ ಕಲ್ಲಿನಲ್ಲಿ ಎಲುಬು ಉಳಿಯಲಾರದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆಗ ಎಲುಬಿರುವ ಪ್ರಾಣಿಯೇ ಭೂಮಿಯ ಮೇಲೆ ಇರಲಿಲ್ಲ.

ಸಂಡೂರಿನ ಬೆಟ್ಟಗಳು ಇದಕ್ಕಿಂತಲೂ ಹಳೆಯವು, ಸುಮಾರು 270 ಕೋಟಿ ವರ್ಷದ್ದು. ಅವು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು, ಲಾವಾ, ಕಬ್ಬಿಣ, ಮ್ಯಾಂಗನೀಸ್. ಅಲ್ಲಿ ಜೀವದ ಗುರುತು ಇದೆ. 1984ರಲ್ಲಿ ಭೂವಿಜ್ಞಾನಿಗಳಾದ ಮೂರ್ತಿ ಮತ್ತು ಕೃಷ್ಣಾರೆಡ್ಡಿ ಅವರು ಸಂಡೂರು ಪಟ್ಟಿಯಲ್ಲಿ ಸ್ಟ್ರೊಮ್ಯಾಟೊಲೈಟ್ ಇರುವುದನ್ನು ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು. ಆಳವಿಲ್ಲದ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಜೀವಿಗಳು ಹಾಸಿನಂತೆ ಹರಡಿ, ಸುಣ್ಣದ ಕೆಸರನ್ನು ಹಿಡಿದಿಟ್ಟುಕೊಂಡು, ಮೇಲೆ ಮತ್ತೆ ಹಾಸು ಬೆಳೆದು, ಗುಮ್ಮಟದ ಆಕಾರಕ್ಕೆ ಬಂದ ಕಲ್ಲು ಅದು. 1987ರಲ್ಲಿ ಹೈದರಾಬಾದಿನ ಎಸ್.ಎಂ. ನಖ್ವಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಬಿ.ಎಸ್. ವೆಂಕಟಾಚಲ ಮತ್ತು ಸಂಗಡಿಗರು ಸಂಡೂರಿನ ಚರ್ಟ್ ಶಿಲೆಯಲ್ಲಿ ಸಯನೋಬ್ಯಾಕ್ಟೀರಿಯಾದ ರೂಪಗಳನ್ನು ಕಂಡೆವೆಂದು ಬರೆದರು. 1990ರಲ್ಲಿ ಸಂಡೂರಿನದೇ ಆದ ದೋಣಿಮಲೈ ಸ್ತರದ ಸೂಕ್ಷ್ಮಜೀವಿಗಳ ಬಗ್ಗೆ ಇನ್ನೊಂದು ಲೇಖನ ಬಂತು. ಅಷ್ಟು ಹಳೆಯ ಕಲ್ಲಿನಲ್ಲಿ ಕಾಣುವ ಎಳೆ, ಚುಕ್ಕಿ ಜೀವದ್ದೋ ಖನಿಜದ್ದೋ ಎಂಬ ತಕರಾರು ಜಗತ್ತಿನ ಎಲ್ಲ ಕಡೆ ಇರುವಂಥದು, ಸಂಡೂರಿಗೂ ಅದು ತಪ್ಪಿದ್ದಲ್ಲ. ಆದರೆ ಈ ಬೆಟ್ಟಗಳ ಗಣಿಗಳಿಂದ ಲಾರಿಗಳಲ್ಲಿ ಹೋದ ಕೆಂಪು ಕಬ್ಬಿಣದ ಅದಿರಿಗೂ ಆ ಕಾಲದ ಜೀವಿಗಳಿಗೂ ನಂಟಿದೆ ಎಂದು ಬಹಳ ವಿಜ್ಞಾನಿಗಳು ಎಣಿಸುತ್ತಾರೆ: ಅವು ಬಿಟ್ಟ ಆಮ್ಲಜನಕ ಸಮುದ್ರದಲ್ಲಿ ಕರಗಿದ್ದ ಕಬ್ಬಿಣವನ್ನು ತುಕ್ಕಾಗಿಸಿ ತಳಕ್ಕೆ ಇಳಿಸಿತು. ನಾರಿಹಳ್ಳ ಬೆಟ್ಟ ಕೊರೆದು ಹರಿಯುವ ಕಣಿವೆಯಲ್ಲಿ ನಿಂತವರು ಆ ತುಕ್ಕಿನ ಪದರಗಳನ್ನೇ ನೋಡುತ್ತಿರುತ್ತಾರೆ.

ಹೀಗೆ ಈ ಸೀಮೆಯಲ್ಲಿ ಜೀವದ ಮೊದಲ ಅಧ್ಯಾಯ ಇದೆ, ಆಮೇಲಿನ ಇನ್ನೂರೈವತ್ತು ಕೋಟಿ ವರ್ಷದ ಪುಟಗಳು ಬಹುಮಟ್ಟಿಗೆ ಖಾಲಿ. ಮೀನು, ಹಲ್ಲಿ, ಡೈನೋಸಾರ್ ಯಾವುದರ ದಾಖಲೆಯನ್ನೂ ಈ ಕಲ್ಲು ಇಟ್ಟುಕೊಂಡಿಲ್ಲ. ಪ್ರಾಣಿಗಳ ಕಥೆ ಮತ್ತೆ ಶುರುವಾಗುವುದು ತೀರ ಈಚೆಗೆ, ಹಳ್ಳದ ದಂಡೆಯ ಮಣ್ಣಿನಲ್ಲಿ, ಸುಣ್ಣಕಲ್ಲಿನ ಗವಿಯಲ್ಲಿ, ಮತ್ತೆ ಈ ಬೂದಿಯಲ್ಲಿ.

ಬೂದಿಯನ್ನು ಮೊದಲು ಕೆದಕಿ ನೋಡಿ ವಿವರವಾಗಿ ಬರೆದವನು ಥಾಮಸ್ ಜಾನ್ ನ್ಯೂಬೋಲ್ಡ್, ಮದರಾಸು ಸೈನ್ಯದ ಕ್ಯಾಪ್ಟನ್. ಕುಡತಿನಿಯ ದಿಬ್ಬವನ್ನು ಅಗೆಸಿ, ಊರವರು ಹೇಳಿದ ರಾಕ್ಷಸರ ಕಥೆಯನ್ನೂ ಕೇಳಿಸಿಕೊಂಡು, 1843ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಇದು ಜ್ವಾಲಾಮುಖಿಯ ಕಿಟ್ಟವೇ, ಹಳೆಯ ಕುಲುಮೆಯ ಕಸವೇ ಎಂಬ ಪ್ರಶ್ನೆಗಳು ಅಂದಿನಿಂದ ಎದ್ದವು. ಮರುವರ್ಷವೇ, 1844ರಲ್ಲಿ, ಅದೇ ನ್ಯೂಬೋಲ್ಡ್ ಇನ್ನೊಂದು ಲೇಖನ ಬರೆದ. ನಮ್ಮ ಬಳ್ಳಾರಿಗೆ ನೆರೆಯಾದ ಕರ್ನೂಲು ಸೀಮೆಯ ಬೇತಂಚರ್ಲದ ಹತ್ತಿರ ಬಿಲ್ಲಸುರ್ಗಂ ಎಂಬ ಸುಣ್ಣಕಲ್ಲಿನ ಗವಿಗಳಲ್ಲಿ ಕಂಡ ಎಲುಬುಗಳ ವಿಷಯ ಅದು. ಬೂದಿಯ ದಿಬ್ಬ ಮತ್ತು ಎಲುಬಿನ ಗವಿ, ಎರಡೂ ಹೀಗೆ ಒಬ್ಬನದೇ ಕಣ್ಣಿಗೆ ಬಿದ್ದವು. ಎರಡರ ಗಂಟನ್ನೂ ಬಿಚ್ಚುವಷ್ಟು ಆಯುಸ್ಸು ಅವನಿಗಿರಲಿಲ್ಲ, 1850ರಲ್ಲಿ ತೀರಿಕೊಂಡ.

ನಾಲ್ಕು ದಶಕದ ಮೇಲೆ ಅದೇ ಎರಡು ಜಾಗಕ್ಕೆ ಬಂದವನು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಹುಟ್ಟಿ, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ, 1863ರ ಮೇ 30ರಂದು ಮದರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಹೆಕ್ಕಿದ ಫೂಟ್‌ನನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎನ್ನುತ್ತಾರೆ. ನಮ್ಮ ಪಾಲಿಗೆ ಅವನು ಇನ್ನೂ ಹತ್ತಿರದವನು. ನಮ್ಮ ಹಳೆಯ ಶಿಲಾಸ್ತರಗಳಿಗೆ ಧಾರವಾಡದ ಹೆಸರಿಟ್ಟವನು ಅವನೇ. ಬಳ್ಳಾರಿ ಜಿಲ್ಲೆಯನ್ನೂ ಸಂಡೂರು ಸಂಸ್ಥಾನದ ಬೆಟ್ಟಗಳನ್ನೂ ಸುತ್ತಿ, ಜಿಲ್ಲೆಯ ಭೂವಿಜ್ಞಾನದ ಮೇಲೆ ಒಂದು ಇಡೀ ಗ್ರಂಥ ಬರೆದ. ಕಲ್ಲು ನೋಡಲು ಬಂದವನು ಕಲ್ಲಿನ ಮೇಲೆ ಬಿದ್ದಿದ್ದ ಕೊಡಲಿ, ಮಡಕೆ ಚೂರು, ಎಲುಬು ಯಾವುದನ್ನೂ ಬಿಡಲಿಲ್ಲ. ಅವನ ಈ ಗುಣಕ್ಕೆ ನಾವು ಎಷ್ಟು ಋಣಿಗಳಾದರೂ ಕಡಿಮೆಯೇ.

ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ, ಅವನು ಚಿಕ್‌ದೌಲಿ ಎಂದು ಬರೆದ ಹಳ್ಳಿಯ ಬಳಿ, ಹಳ್ಳದ ದಂಡೆಯಲ್ಲಿ ಅವನಿಗೆ ಘೇಂಡಾಮೃಗದ ಎಲುಬು ಹಲ್ಲುಗಳು ಸಿಕ್ಕವು. 1874ರಲ್ಲಿ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದ. ದಖ್ಖಣದ ಘೇಂಡಾಮೃಗ! ಇವತ್ತು ಒಂಟಿಕೊಂಬಿನ ಘೇಂಡಾಮೃಗ ನೋಡಬೇಕಾದರೆ ಅಸ್ಸಾಮಿಗೋ ಹಿಮಾಲಯದ ತಪ್ಪಲಿಗೋ ಹೋಗಬೇಕು. ಒಂದು ಕಾಲಕ್ಕೆ ಘಟಪ್ರಭೆಯ ದಂಡೆಯಲ್ಲಿ ಆ ಜಾತಿಯ ಪ್ರಾಣಿ ಮೇಯುತ್ತಿತ್ತು ಎನ್ನುವುದಕ್ಕೆ ಆ ಎಲುಬು ಸಾಕ್ಷಿ. ಘೇಂಡಾಮೃಗಕ್ಕೆ ನೀರು ಬೇಕು, ಎತ್ತರದ ಹುಲ್ಲು ಬೇಕು, ಹೊರಳಾಡಲು ಕೆಸರು ಬೇಕು. ಆಗ ಆ ಸೀಮೆಯಲ್ಲಿ ಅವೆಲ್ಲ ಇದ್ದವು.

1880ರ ದಶಕದಲ್ಲಿ ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಆಸಕ್ತಿ ವಹಿಸಿದ್ದರಿಂದ ಬಿಲ್ಲಸುರ್ಗಂ ಗವಿಗಳ ಅಗೆತ ಫೂಟ್‌ನ ಪಾಲಿಗೆ ಬಂತು. ಅವನ ಮಗ, ಸೈನ್ಯದಲ್ಲಿದ್ದ ಹೆನ್ರಿ ಫೂಟ್, ಅಲ್ಲೇ ಬಿಡಾರ ಹೂಡಿ ಅಗೆಸಿದ. ಸಿಕ್ಕ ಎಲುಬುಗಳನ್ನು ಪಳೆಯುಳಿಕೆ ತಜ್ಞ ರಿಚರ್ಡ್ ಲೈಡೆಕರ್ ಪರೀಕ್ಷಿಸಿ 1886ರಲ್ಲಿ ವರ್ಣಿಸಿದ: ಕರ್ನೂಲಿನ ಹೆಸರನ್ನೇ ಹೊತ್ತ ಒಂದು ಘೇಂಡಾಮೃಗ ಮತ್ತು ಒಂದು ಕಾಡುಹಂದಿ, ಅಲ್ಲದೆ ಒಂದು ಮುಳ್ಳುಹಂದಿ; ಜೊತೆಗೆ ಆಫ್ರಿಕದ ಚುಕ್ಕೆ ಕತ್ತೆಕಿರುಬ, ಬಬೂನ್, ದೈತ್ಯ ಚಿಪ್ಪುಹಂದಿಗಳನ್ನು ಹೋಲುವ ಪ್ರಾಣಿಗಳು. ಅವನ ಪಟ್ಟಿಯ ಕೆಲವು ಹೆಸರುಗಳನ್ನು ಆಮೇಲಿನವರು ತಿದ್ದಿದ್ದಾರೆ. ಕರ್ನೂಲಿನ ಗವಿಯಲ್ಲಿ ಆಫ್ರಿಕದ ನೆಂಟರು ಕಂಡದ್ದು ಮಾತ್ರ ಆ ಕಾಲದ ಪಂಡಿತರನ್ನು ಬೆಚ್ಚಿಬೀಳಿಸಿತು.

ಎಲುಬು ನೋಡಿ ಪಳಗಿದ ಈ ಫೂಟ್ ಬೂದಿಯ ದಿಬ್ಬದ ಎದುರು ನಿಂತಾಗ ಅವನ ಕಣ್ಣು ಬೇರೆಯವರ ಕಣ್ಣಿನಂತೆ ಕಿಟ್ಟದ ಮೇಲೆಯೇ ನಿಲ್ಲಲಿಲ್ಲ. ಬೂದಿಯ ನಡುವೆ ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿ, ಕೈಯಿಂದ ತಟ್ಟಿದ ಮಡಕೆಯ ಚೂರು, ದನದ ಎಲುಬು ಇವೆಯಲ್ಲ ಎಂದು ಗಮನಿಸಿದ. ಅಂದಮೇಲೆ ಇದು ನವಶಿಲಾಯುಗದ ಜನರ ಕೆಲಸ. ಅವರು ದನ ಸಾಕಿದವರು. ಮುಳ್ಳಿನ ಬೇಲಿ ಹಾಕಿದ ರೊಪ್ಪದಲ್ಲಿ ದನ ಕೂಡುತ್ತಿದ್ದರು, ಅಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಈ ಬೂದಿಯಾಗಿದೆ. ಫೂಟ್ ಹೇಳಿದ್ದು ಇಷ್ಟೇ. ರಾಕ್ಷಸ, ಜ್ವಾಲಾಮುಖಿ, ಕುಲುಮೆಗಳ ಎದುರು ಸಗಣಿ ಎನ್ನುವ ಉತ್ತರ ತೀರ ಸಾಧಾರಣವಾಗಿ ಕೇಳಿಸಿತೋ ಏನೋ, ಬಹಳ ಜನ ಒಪ್ಪಲಿಲ್ಲ.

ಒಪ್ಪದವರಲ್ಲಿ ಮುಖ್ಯನಾದವನು ರಾಬರ್ಟ್ ಸೀವೆಲ್. ವಿಜಯನಗರದ ಇತಿಹಾಸವನ್ನು ‘ಎ ಫರ್‌ಗಾಟನ್ ಎಂಪೈರ್’ ಪುಸ್ತಕದಲ್ಲಿ ಲೋಕದ ಮುಂದಿಟ್ಟವನು ಅವನೇ. 1899ರಲ್ಲಿ ಬಳ್ಳಾರಿಯ ಬೂದಿದಿಬ್ಬಗಳ ಮೇಲೆ ಬರೆಯುತ್ತ, ಇವು ವಿಜಯನಗರದ ಕಾಲದಲ್ಲಿ ಅರಸರ, ದೊಡ್ಡವರ ಜೊತೆ ನೂರಾರು ಹೆಂಗಸರು ಸಹಗಮನ ಮಾಡಿದ ಚಿತೆಗಳ ಉಳಿಕೆ ಇರಬಹುದು ಎಂದು ಊಹಿಸಿದ. ವಿದೇಶಿ ಪ್ರವಾಸಿಗಳು ಬರೆದಿಟ್ಟ ಸಹಗಮನದ ವರ್ಣನೆಗಳು ಅವನ ತಲೆಯಲ್ಲಿದ್ದವು. ಹಂಪಿಯ ನೆರಳು ಎಷ್ಟು ದಟ್ಟವೆಂದರೆ, ಸುತ್ತಲಿನ ಯಾವ ಹಳೆಯ ವಸ್ತುವನ್ನು ಕಂಡರೂ ವಿಜಯನಗರದ ಲೆಕ್ಕಕ್ಕೆ ಬರೆಯುವ ಅಭ್ಯಾಸ ಅಂದಿನಿಂದಲೂ ಇದೆ. ಕಲ್ಲಿನ ಕೊಡಲಿ ಹಿಡಿದಿದ್ದವರು ಹರಿಹರ ಬುಕ್ಕರಿಗಿಂತ ಮೂರು ಸಾವಿರ ವರ್ಷಕ್ಕೂ ಹಿಂದಿನವರು. ಬೂದಿಯಲ್ಲಿ ಕೊಡಲಿ ಸಿಕ್ಕಮೇಲೆ ಸೀವೆಲ್‌ನ ಊಹೆ ನಿಲ್ಲುವ ಹಾಗಿರಲಿಲ್ಲ, ಆದರೂ ಅದು ಬಹುಕಾಲ ಪುಸ್ತಕಗಳಲ್ಲಿ ಸುತ್ತಾಡಿತು.

ಫೂಟ್ 1912ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ತೀರಿಕೊಂಡ. ಅವನ ಮಾತು ನಿಜವೆಂದು ತೋರಿಸಿದವರು ಇಬ್ಬರು. ಲಂಡನ್ನಿನ ಫ್ರೆಡರಿಕ್ ಝಾಯ್ನರ್ ಬಳ್ಳಾರಿ ಜಿಲ್ಲೆಯ ದಿಬ್ಬಗಳ ಕಿಟ್ಟವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಇದು ಹುಲ್ಲು ತಿಂದ ಪ್ರಾಣಿಯ ಸಗಣಿಯೇ ಎಂದು 1960ರ ಸುಮಾರಿಗೆ ಖಚಿತಪಡಿಸಿದ. ಹುಲ್ಲಿನ ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನಂಥ ಸಿಲಿಕಾ ಕಣಗಳಿರುತ್ತವೆ. ದನದ ಹೊಟ್ಟೆಯಲ್ಲಿ ಅವು ಕರಗುವುದಿಲ್ಲ, ಸಗಣಿಯಲ್ಲಿ ಹಾಗೇ ಬರುತ್ತವೆ. ರಾಶಿಗಟ್ಟಲೆ ಒಣ ಸಗಣಿಗೆ ಬೆಂಕಿ ಬಿದ್ದು ಕಾವು ವಿಪರೀತ ಏರಿದಾಗ ಆ ಸಿಲಿಕಾ, ಬೂದಿಯ ಕ್ಷಾರದ ಜೊತೆ ಬೆರೆತು ಕರಗಿ ಗಾಜಾಗುತ್ತದೆ. ಕುಡತಿನಿಯ ಕಿಟ್ಟದ ಮಿರುಗಿನ ಗುಟ್ಟು ಅದು.

ಇನ್ನೊಬ್ಬ ಕೇಂಬ್ರಿಜ್‌ನ ಫ್ರಾಂಕ್ ರೇಮಂಡ್ ಆಲ್ಚಿನ್. 1957ರಲ್ಲಿ ಆಗಿನ ಮೆಹಬೂಬನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬವನ್ನು ಪದರ ಪದರವಾಗಿ ಅಗೆದ. ಅಲ್ಲಿ ಮರದ ಗೂಟ ನೆಟ್ಟ ಕುಳಿಗಳು ಸಾಲಾಗಿ ಸಿಕ್ಕವು, ಅಂದರೆ ದೊಡ್ಡಿಯ ಬೇಲಿ. ಒಳಗಿನ ಬೂದಿಯ ಹಾಸಿನ ಮೇಲೆ ದನಗಳ ಗೊರಸಿನ ಗುರುತುಗಳು ಒತ್ತಿದಂತೆ ಉಳಿದಿದ್ದವು. ನಾಲ್ಕು ಸಾವಿರ ವರ್ಷದ ಹಿಂದೆ ಬೆಂಕಿ ಆರಿದ ಮೇಲೆ ದನಗಳು ಮತ್ತೆ ಅದೇ ದೊಡ್ಡಿಗೆ ಬಂದು ಮೆತ್ತನೆಯ ಬೂದಿ ತುಳಿದಿವೆ; ಆ ಹೆಜ್ಜೆಗಳ ಮೇಲೆ ಮುಂದಿನ ವರ್ಷಗಳ ಸಗಣಿ ಬಿದ್ದು ಮುಚ್ಚಿ ಕಾಪಾಡಿದೆ. ಕಲ್ಲಾದ ಕೆಸರಿನಲ್ಲಿ ಡೈನೋಸಾರ್ ಹೆಜ್ಜೆ ಓದುವವರ ವಿದ್ಯೆಯೂ ಇದೇ. ಎಲುಬು ಸತ್ತ ಪ್ರಾಣಿಯದು. ಹೆಜ್ಜೆ ಬದುಕಿದ್ದ ಪ್ರಾಣಿಯದು, ಅದು ಎಲ್ಲಿ ನಿಂತಿತ್ತು, ಯಾರು ಕೂಡಿಹಾಕಿದ್ದರು ಎನ್ನುವುದನ್ನೂ ಹೇಳಿಬಿಡುತ್ತದೆ. 1963ರಲ್ಲಿ ಆಲ್ಚಿನ್ ದಖ್ಖಣದ ನವಶಿಲಾಯುಗದ ದನಗಾಹಿಗಳ ಮೇಲೆ ಪುಸ್ತಕ ಹೊರತಂದಾಗ ನ್ಯೂಬೋಲ್ಡ್‌ನ ಲೇಖನಕ್ಕೆ ಸರಿಯಾಗಿ 120 ವರ್ಷ ತುಂಬಿತ್ತು.

ಅಷ್ಟು ಸಗಣಿಯನ್ನು ಸುಟ್ಟದ್ದೇಕೆ? ಇವತ್ತಿನ ರೈತ ಕೇಳುವ ಮೊದಲ ಪ್ರಶ್ನೆ ಇದು, ಅವನಿಗೆ ಸಗಣಿ ಎಂದರೆ ಗೊಬ್ಬರ. ಆಲ್ಚಿನ್ ಇದಕ್ಕೆ ಹಬ್ಬದ ಬೆಂಕಿಯ ಕಡೆ ಕೈ ತೋರಿಸಿದ. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವ ಹಾಗೆ, ಆ ಜನರೂ ಋತು ಬದಲಾಗುವಾಗ ದೊಡ್ಡಿಗೆ ಬೆಂಕಿಯಿಟ್ಟು ದನಕ್ಕೆ ಒಳಿತು ಕೋರುತ್ತಿದ್ದಿರಬೇಕು ಎಂಬುದು ಅವನ ವಾದ. ರೋಗ ಬಂದ ದೊಡ್ಡಿಯನ್ನು ಶುದ್ಧ ಮಾಡಲು ಸುಟ್ಟರು ಎನ್ನುವವರೂ ಇದ್ದಾರೆ. ನನಗೆ ಆಲ್ಚಿನ್ ಮಾತೇ ಹೆಚ್ಚು ಹಿಡಿಸುತ್ತದೆ. ನಮ್ಮ ಕಡೆ ದೀಪಾವಳಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೂ ಮುಡಿಸಿ ಇಡುವುದನ್ನು, ಚಿತ್ರದುರ್ಗ, ಬಳ್ಳಾರಿ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳಿಗೆ ನಡೆದುಕೊಳ್ಳುವ ರೀತಿಯನ್ನು ನೋಡಿದರೆ, ದನದ ಸುತ್ತ ಇಷ್ಟು ಭಕ್ತಿ ಕಟ್ಟಿಕೊಂಡ ನಾಡಿನಲ್ಲಿ ಆ ಬೆಂಕಿಗೂ ಒಂದು ಭಕ್ತಿಯಿತ್ತು ಎನ್ನಲು ಅಡ್ಡಿಯಿಲ್ಲ.

ಆ ದನಗಳು ನೋಡಲು ಹೇಗಿದ್ದವು ಎನ್ನುವುದಕ್ಕೆ ಕಪ್ಪಗಲ್ಲಿನ ಬೆಟ್ಟ ಸಾಕ್ಷಿ ಹೇಳುತ್ತದೆ. ಗ್ರಾನೈಟಿನ ನಡುವೆ ಹಾದುಹೋದ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕೆತ್ತಿದ ನೂರಾರು ಚಿತ್ರಗಳಿವೆ. ಹ್ಯೂಬರ್ಟ್ ನಾಕ್ಸ್ ಎಂಬವನು ಕಂಡ ಇವುಗಳನ್ನು 1892ರಲ್ಲಿ ಫಾಸೆಟ್ ಎಂಬವನು ಲೋಕಕ್ಕೆ ತಿಳಿಸಿದ. ಅವುಗಳಲ್ಲಿ ಹೆಚ್ಚಿನವು ಎದ್ದ ಹಿಣಿಲು, ಉದ್ದ ಬಾಗಿದ ಕೊಂಬಿನ ಗೂಳಿಗಳು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಬರುತ್ತದೆ, ತಟ್ಟಿ ತಟ್ಟಿ ಸವೆದ ಗುಳಿಗಳೂ ಇವೆ. ಇದೇ ಸಂಗನಕಲ್ಲು ಕಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲಿನ ಕೊಡಲಿ ಮಾಡುವ ದೊಡ್ಡ ತಾಣವಿದ್ದುದನ್ನೂ ಫೂಟ್ ಗುರುತಿಸಿದ್ದ. ಕಂಪ್ಲಿಯಿಂದ ಸಿರುಗುಪ್ಪದ ಕಡೆ ಹೋದರೆ ಸಿಗುವ ತೆಕ್ಕಲಕೋಟೆಯ ಬೆಟ್ಟದ ಮೇಲೂ ಅದೇ ಜನರ ಮನೆಗಳಿದ್ದವು, ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಗೆದು 1965ರಲ್ಲಿ ಪುಸ್ತಕ ಪ್ರಕಟಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಅಗೆದಾಗ ದೊಡ್ಡಿಯ ಪಕ್ಕದಲ್ಲೇ ದನ ಕಡಿದು ಮಾಂಸ ಹಂಚಿದ ಕಟ್ಟೆಯಂಥ ನೆಲವೂ ಸಿಕ್ಕಿತು. ಪೂಜಿಸಿದ ದನವನ್ನೇ ಅವರು ತಿನ್ನುತ್ತಲೂ ಇದ್ದರು. ಎಲುಬಿನ ಮೇಲಿನ ಕತ್ತಿಯ ಗೀರು ಮುಚ್ಚುಮರೆ ಮಾಡುವುದಿಲ್ಲ.

ಈ ಸಾಕುದನಕ್ಕೆ ಒಬ್ಬ ಕಾಡು ಪೂರ್ವಜನಿದ್ದ. ವಿಜ್ಞಾನಿಗಳು ಅವನನ್ನು ಬಾಸ್ ನಮಾಡಿಕಸ್ ಎನ್ನುತ್ತಾರೆ, ನರ್ಮದಾ ಕಣಿವೆಯಲ್ಲಿ ಮೊದಲು ಗುರುತಿಸಿದ್ದರಿಂದ. ಮೈಕಟ್ಟಿನಲ್ಲಿ ಇಂದಿನ ದನಕ್ಕಿಂತ ದೊಡ್ಡದು, ಕೊಂಬು ಅಗಲ. ಯುರೋಪಿನ ಕಾಡುದನ ಆರಾಕ್ಸ್ ಕಥೆ ಎಲ್ಲರಿಗೂ ಗೊತ್ತು, 1627ರಲ್ಲಿ ಪೋಲೆಂಡಿನಲ್ಲಿ ಕೊನೆಯದು ಸತ್ತದ್ದು ದಾಖಲಾಗಿದೆ. ಭಾರತದ ಆ ಸೋದರನನ್ನು ಯಾರೂ ಬರೆದಿಡಲಿಲ್ಲ. ಕಾಡುಕೋಣ ಬೇರೆ, ಎಮ್ಮೆಯ ಕುಲ ಬೇರೆ. ಇದು ನಮ್ಮ ಹಿಣಿಲಿನ ದನದ ಮೂಲ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇದರ ಕುಲದ ಪಳೆಯುಳಿಕೆಗಳು ಸಿಕ್ಕಿವೆ. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ನೆಲೆಗೆ ಸುಮಾರು 12 ಲಕ್ಷ ವರ್ಷ ಎಂದು ಹೇಳಲು ಆಧಾರವಾದದ್ದು ಅಲ್ಲೇ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನ ಎನಾಮಲ್. ಕೋಲಾರ ಜಿಲ್ಲೆಯ ಬನಹಳ್ಳಿಯಲ್ಲಿ ಸಿಕ್ಕ ಕಾಡುದನದ ಎಲುಬಿಗೆ ಸುಮಾರು 4,200 ವರ್ಷ. ಭಾರತದ ಕಾಡುದನದ್ದೆಂದು ಎಣಿಸುವ ತೀರ ಈಚಿನ ಕುರುಹುಗಳಲ್ಲಿ ಅದೊಂದು. ಉಟ್ನೂರಿನ ದೊಡ್ಡಿಯಲ್ಲಿ ಸಾಕಿದ ದನಗಳು ಬೂದಿ ತುಳಿಯುತ್ತಿದ್ದ ಕಾಲವೂ ಅದೇ. ಅಂದರೆ ಮುಳ್ಳುಬೇಲಿಯ ಒಳಗೆ ಪಳಗಿದ ದನ, ಹೊರಗಿನ ಕುರುಚಲು ಕಾಡಿನಲ್ಲಿ ಅದರ ಕಾಡುಬಂಧು, ಎರಡೂ ಒಂದೇ ಕಾಲದಲ್ಲಿ ಈ ನಾಡಿನಲ್ಲಿ ಇದ್ದವು. ಮೇವಿಗೂ ನೀರಿಗೂ ಮನುಷ್ಯನ ಹಿಂಡು ಹಬ್ಬಿದಂತೆ ಕಾಡುದನಕ್ಕೆ ನೆಲ ಕಿರಿದಾಯಿತು, ಉಳಿದದ್ದು ಸಾಕುದನದ ರಕ್ತದಲ್ಲಿ ಬೆರೆತುಹೋಯಿತು ಎಂದು ಊಹಿಸುವುದು ಕಷ್ಟವಲ್ಲ.

ನ್ಯೂಬೋಲ್ಡ್ ಮತ್ತು ಫೂಟ್ ಹೋದ ಎರಡೂ ಜಾಗಕ್ಕೆ ನಮ್ಮ ಕಾಲದಲ್ಲಿ ಮರಳಿ ಹೋದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್. ಸಂಗನಕಲ್ಲಿನಲ್ಲಿ ನಿಕೋಲ್ ಬೋಯ್ವಿನ್, ಡೋರಿಯನ್ ಫುಲ್ಲರ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು, ಬಿಲ್ಲಸುರ್ಗಂ ಗವಿಗಳನ್ನು ಮತ್ತೆ ಅಗೆದ ಅಂತರರಾಷ್ಟ್ರೀಯ ತಂಡದಲ್ಲೂ ಇದ್ದರು. ಆ ತಂಡದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು: ಗವಿಯಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20, ಕಡಿಮೆಯೆಂದರೂ ಒಂದು ಲಕ್ಷ ವರ್ಷದಿಂದ ಇವತ್ತಿನವರೆಗೂ ಉಪಖಂಡದಲ್ಲಿ ಉಳಿದುಬಂದಿವೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅದೇ ಅವಧಿಯಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದವು. ಇಲ್ಲಿ ಕೆಲವು ತಮ್ಮ ನೆಲೆ ಬಿಟ್ಟು ಬೇರೆಡೆ ಸರಿದವು, ಆದರೆ ಹೆಚ್ಚಿನವು ಬದುಕಿದವು. ತುಂಡುತುಂಡಾದ ಕಾಡು, ಹುಲ್ಲುಗಾವಲು, ಹೊಳೆದಂಡೆಗಳು ಅವಕ್ಕೆ ಆಸರೆಯಾದವು ಎನ್ನುತ್ತಾರೆ ಸಂಶೋಧಕರು.

ಬೂದಿಯ ದಿಬ್ಬಗಳಿಗೆ ಅಂಥ ಆಸರೆ ಸಿಕ್ಕಿಲ್ಲ. ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಎಷ್ಟೋ ದಿಬ್ಬಗಳನ್ನು ಅಗೆದು ಸಾಗಿಸಿದ್ದಾರೆ, ಕಪ್ಪಗಲ್ಲಿನ ಗೂಳಿಗಳ ಸುತ್ತ ಕಲ್ಲು ಗಣಿಗಾರಿಕೆಯ ಸಿಡಿತ ಕೇಳಿದೆ. ಸಂಡೂರಿನ ಬೆಟ್ಟಗಳಲ್ಲಿ ಅದಿರು ಎಷ್ಟು ವೇಗವಾಗಿ ಹೋಯಿತೆಂದರೆ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಫೂಟ್‌ನ ಹೆಸರಿನಲ್ಲಿ ಬಳ್ಳಾರಿಯಲ್ಲಿ ಒಂದು ಪುರಾತತ್ವ ಸಂಗ್ರಹಾಲಯ ತೆರೆದಿದೆ. ಸಂಗನಕಲ್ಲಿನ ಕೊಡಲಿಗಳನ್ನು, ಈ ಜನರ ಬದುಕಿನ ಚಿತ್ರವನ್ನು ಮಕ್ಕಳು ಅಲ್ಲಿ ನೋಡಬಹುದು. ಹಂಪಿಗೆ ಬರುವ ಶಾಲಾ ಬಸ್ಸುಗಳು ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನೋಡಿ ಹಿಂದಿರುಗುತ್ತವೆ. ಇನ್ನು ಸ್ವಲ್ಪ ಪೂರ್ವಕ್ಕೆ ನಿಂಬಾಪುರಕ್ಕೂ ಮಕ್ಕಳನ್ನು ಕರೆದೊಯ್ದು, ವಾಲಿಯ ಕಥೆಯನ್ನೂ ಹೇಳಿ, ಆ ಬೂದಿಯನ್ನು ದನಗಳ ಗೊರಸಿನವರೆಗೆ ಓದಿದ 120 ವರ್ಷದ ಕಥೆಯನ್ನೂ ಹೇಳುವ ಮೇಷ್ಟ್ರುಗಳು ಬೇಕು.